ಇಪ್ಪತ್ತಾರು ಲೇನೂ ಸಾಲದೆ?



ಈ ಸಲದ ಯುಗಾದಿ ಕಾರ್ಯಕ್ರಮ ಸಂಜೆ 4 ಗಂಟೆಗೆ ಸರಿಯಾಗಿ ಎಂದು ಆಹ್ವಾನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಪ್ರಾರ್ಥನೆ ಹಾಡಬೇಕಾದ ಮಕ್ಕಳು ಬಂದಾಗ ನಾಲ್ಕೂಮುಕ್ಕಾಲು. ಬಿಸಿಬೇಳೆ ಭಾತಿನ ಪಾತ್ರೆ ಬಂದಾಗ ಐದೂಕಾಲು. ಎಂದಿನಂತೆ ಯಾರೋ "ನಮ್ಮದು ಇಂಡಿಯನ್ ಸ್ಟ್ಯಾಂಡರ್ಡ್ ಟೈಮ್ ತಾನೇ!" ಎಂದರು, ಸಭೆ ನಕ್ಕಿತು. ನಮಗೆ ಮಾತ್ರ ನಗು ಬರಲಿಲ್ಲ. ಏಕೆಂದರೆ ಆ ಪಾತ್ರೆ ತಂದವರು ನಾವೇ. ಮನೆ ಬಿಟ್ಟದ್ದು ಮೂರೂವರೆಗೆ. ಉಳಿದ ಹೊತ್ತೆಲ್ಲ ಐ-10ರ ಮೇಲೆ, ಮುಂದಿನ ಕಾರಿನ ಕೆಂಪು ದೀಪ ನೋಡುತ್ತಾ ಕಳೆಯಿತು.

ಇಲ್ಲಿ "ನಾವು" ಎಂದರೆ ಹ್ಯೂಸ್ಟನ್ನಿನ ಪಶ್ಚಿಮಕ್ಕೆ, ಕೇಟಿ ಕಡೆ ಮನೆ ಮಾಡಿಕೊಂಡಿರುವ ಐದು ಸಂಸಾರದವರು. ಎರಡೆರಡು ಕಾರು, ದೊಡ್ಡ ಅಂಗಳ, ಒಳ್ಳೆಯ ಶಾಲೆ ಎಂದು ಆಸೆಪಟ್ಟು ಊರ ಹೊರಗೆ ಹೋದವರು. ರಸ್ತೆ ಅಗಲ ಮಾಡುತ್ತೇವೆ ಎಂದಾಗಲೆಲ್ಲ ಚಪ್ಪಾಳೆ ತಟ್ಟಿದವರು. ಆದ್ದರಿಂದ ಈ ಲೇಖನ ಯಾರನ್ನಾದರೂ ಚುಚ್ಚಿದರೆ, ಮೊದಲು ಚುಚ್ಚಿದ್ದು ನಮ್ಮನ್ನೇ ಎಂದು ತಿಳಿಯಬೇಕಾಗಿ ಕೋರಿಕೆ.

ಹೊಸದಾಗಿ ಬಂದ ಸದಸ್ಯರಿಗಾಗಿ ಸ್ವಲ್ಪ ಹಿಂದಿನ ಕಥೆ. ಕೇಟಿ ಎಂಬ ಊರಿಗೆ ಆ ಹೆಸರು ಬಂದದ್ದೇ ರೈಲಿನಿಂದ ಎಂದು ಇಲ್ಲಿಯವರು ಹೇಳುತ್ತಾರೆ. ಮಿಸೌರಿ-ಕಾನ್ಸಾಸ್-ಟೆಕ್ಸಾಸ್ ರೈಲು ಕಂಪನಿಯನ್ನು ಜನ ಬಾಯಿಮಾತಿನಲ್ಲಿ "ಕೇಟಿ" ಎನ್ನುತ್ತಿದ್ದರಂತೆ. ಆ ರೈಲು ಹಳಿ ಈಗಿನ ಕೇಟಿ ಫ್ರೀವೇ ಪಕ್ಕದಲ್ಲೇ ಹ್ಯೂಸ್ಟನ್ನಿನವರೆಗೆ ಹೋಗಿತ್ತು. 1992ರಲ್ಲಿ ರಾಜ್ಯದ ಹೆದ್ದಾರಿ ಇಲಾಖೆ ಆ ಜಾಗವನ್ನು ಕೊಂಡುಕೊಂಡಿತು. ಹಳಿ ಕಿತ್ತರು. 2003ರಿಂದ 2008ರವರೆಗೆ ಆ ಜಾಗವನ್ನೂ ಸೇರಿಸಿಕೊಂಡು ರಸ್ತೆ ಅಗಲ ಮಾಡಿದರು. ಖರ್ಚು ಸುಮಾರು 280 ಕೋಟಿ ಡಾಲರ್. ಸರ್ವೀಸ್ ರಸ್ತೆಗಳನ್ನೂ ಸೇರಿಸಿ ಎಣಿಸಿದರೆ ಕೆಲವು ಕಡೆ 26 ಲೇನು! ಪ್ರಪಂಚದಲ್ಲೇ ಅತಿ ಅಗಲವಾದ ರಸ್ತೆಗಳಲ್ಲಿ ಒಂದು ಎಂದು ನಾವೂ ಊರಿನಿಂದ ಬಂದ ನೆಂಟರಿಗೆ ತೋರಿಸಿ ಬೀಗಿದ್ದುಂಟು.

ಮೊದಲ ಎರಡು ಮೂರು ವರ್ಷ ಸುಖವಾಗಿತ್ತು, ಸುಳ್ಳು ಹೇಳುವುದಿಲ್ಲ. ಆಮೇಲೆ? 2011ರಿಂದ 2014ರ ನಡುವೆ, ಮೂರೇ ವರ್ಷದಲ್ಲಿ, ಈ ರಸ್ತೆಯಲ್ಲಿ ಬೆಳಗಿನ ದಟ್ಟಣೆ ಹೊತ್ತಿನ ಪ್ರಯಾಣ ಶೇಕಡಾ 30ರಷ್ಟು, ಸಂಜೆಯದು ಶೇಕಡಾ 55ರಷ್ಟು ಹೆಚ್ಚು ಸಮಯ ತೆಗೆದುಕೊಳ್ಳತೊಡಗಿತು. ಇದು ನಮ್ಮ ಊಹೆಯಲ್ಲ, ಹ್ಯೂಸ್ಟನ್ನಿನ ಟ್ರಾಫಿಕ್ ನೋಡಿಕೊಳ್ಳುವ ಟ್ರಾನ್‌ಸ್ಟಾರ್ ಸಂಸ್ಥೆಯ ಅಂಕಿಗಳಿಂದಲೇ ತೆಗೆದ ಲೆಕ್ಕ. ಇಷ್ಟು ಹಣ ಸುರಿದು, ಇಷ್ಟು ಕಾಂಕ್ರೀಟ್ ಹಾಸಿ, ಬಂದ ಭಾಗ್ಯ ಇದು.

ಯಾಕೆ ಹೀಗೆ? ಇದು ತಿಳಿಯಲು ಇಂಜಿನಿಯರಿಂಗ್ ಪದವಿ ಬೇಕಿಲ್ಲ (ನಮ್ಮಲ್ಲಿ ಆ ಪದವಿಗೇನೂ ಬರವಿಲ್ಲ, ಅದು ಬೇರೆ ಮಾತು). ಮನೆಗೆ ಅಟ್ಟ ಕಟ್ಟಿಸಿದವರಿಗೆಲ್ಲ ಗೊತ್ತು. ಸಾಮಾನು ಹೆಚ್ಚಾಯಿತೆಂದು ಅಟ್ಟ ಕಟ್ಟಿಸುತ್ತೇವೆ, ವರ್ಷ ತುಂಬುವುದರೊಳಗೆ ಅಟ್ಟವೂ ತುಂಬುತ್ತದೆ, ಮನೆಯೂ ತುಂಬುತ್ತದೆ. ರಸ್ತೆ ಅಗಲವಾದೊಡನೆ ಬಿಲ್ಡರುಗಳು ಇನ್ನೂ ಹತ್ತು ಮೈಲಿ ಆಚೆ ಮನೆ ಕಟ್ಟುತ್ತಾರೆ. "ನಲವತ್ತು ನಿಮಿಷ ತಾನೆ" ಎಂದು ನಮ್ಮಂಥವರು ಕೊಳ್ಳುತ್ತೇವೆ. ಆರು ಗಂಟೆಗೇ ಹೊರಡುತ್ತಿದ್ದವರು ಏಳೂವರೆಗೆ ಹೊರಡುತ್ತಾರೆ. ಬಸ್ಸಿನಲ್ಲಿ ಹೋಗುತ್ತಿದ್ದವರು ಕಾರು ತೆಗೆಯುತ್ತಾರೆ. 1962ರಲ್ಲೇ ಆಂಥೊನಿ ಡೌನ್ಸ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನು ಬರೆದಿಟ್ಟಿದ್ದರು. 2011ರಲ್ಲಿ ಡ್ಯುರಾಂಟನ್ ಮತ್ತು ಟರ್ನರ್ ಎಂಬಿಬ್ಬರು ಅಮೆರಿಕದ ನಗರಗಳನ್ನೆಲ್ಲ ಲೆಕ್ಕ ಹಾಕಿ, ಹೆದ್ದಾರಿ ಎಷ್ಟು ಪಾಲು ಹೆಚ್ಚಿದರೆ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚುತ್ತದೆ ಎಂದು ತೋರಿಸಿದರು. ಅರ್ಧ ಶತಮಾನದಿಂದ ಗೊತ್ತಿರುವ ಸತ್ಯ ಇದು. ಗೊತ್ತಿಲ್ಲದಂತೆ ನಟಿಸುವುದಷ್ಟೇ ನಡೆದಿದೆ.

"ಈ ಊರಿನ ಜನಕ್ಕೆ ರೈಲು ಬೇಡ ಕಣ್ರೀ, ಟೆಕ್ಸಾಸಿನವರು ಕಾರು ಬಿಡುವವರಲ್ಲ" ಎಂಬ ಮಾತು ನಮ್ಮ ಪಾಟ್‌ಲಕ್ಕುಗಳಲ್ಲಿ ಕೇಳದ ದಿನವಿಲ್ಲ. ದಯವಿಟ್ಟು ದಾಖಲೆ ನೋಡಿ. 1978ರಲ್ಲಿ ಮತದಾರರೇ ಒಪ್ಪಿ, ತಾವೇ ಒಂದು ಸೆಂಟ್ ಮಾರಾಟ ತೆರಿಗೆ ಹಾಕಿಕೊಂಡು ಮೆಟ್ರೋ ಸಂಸ್ಥೆಯನ್ನು ಹುಟ್ಟುಹಾಕಿದರು. 1983ರಲ್ಲಿ ಒಂದು ರೈಲು ಯೋಜನೆಯನ್ನು ತಳ್ಳಿಹಾಕಿದರು, ನಿಜ. ಆದರೆ 1988ರಲ್ಲಿ ರೈಲೂ ಸೇರಿದ್ದ ಯೋಜನೆಗೆ ಹೌದು ಎಂದರು. 1991ರಲ್ಲಿ ಬಾಬ್ ಲೇನಿಯರ್ ಮೇಯರಾಗಿ ಗೆದ್ದ ಮೇಲೆ ಅದು ಮೂಲೆಗುಂಪಾಯಿತು. 2003ರಲ್ಲಿ ಅಲ್ಪ ಬಹುಮತದಿಂದಾದರೂ ಮತ್ತೆ ಹೌದು ಎಂದರು. ಆ ಯೋಜನೆಯಲ್ಲಿದ್ದ ಯೂನಿವರ್ಸಿಟಿ ಲೈನು ರಿಚ್ಮಂಡ್ ಅವೆನ್ಯೂ ಮೇಲೆ ಹೋಗಬೇಕಿತ್ತು. ಆಗ ಕಾಂಗ್ರೆಸ್ ಸದಸ್ಯರಾಗಿದ್ದ ಜಾನ್ ಕಲ್ಬರ್ಸನ್ ಅದಕ್ಕೆ ಕೇಂದ್ರದ ಹಣ ಸಿಗದಂತೆ ಅಡ್ಡಗಟ್ಟಿದರು. 2019ರ ನವೆಂಬರಿನಲ್ಲಿ 350 ಕೋಟಿ ಡಾಲರುಗಳ ಬಾಂಡಿಗೆ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಮತದಾರರು ಹೌದು ಎಂದರು. ಅದೇ ಯೂನಿವರ್ಸಿಟಿ ಲೈನು ಈ ಬಾರಿ ರೈಲಿನ ಬದಲು ತನ್ನದೇ ಲೇನಿನ ಬಸ್ಸಾಗಿ ಬರಬೇಕಿತ್ತು. ವೆಸ್ಟ್‌ಚೇಸಿನಿಂದ ಹೊರಟು ವಿಶ್ವವಿದ್ಯಾಲಯಗಳನ್ನು ಮುಟ್ಟಿ ಟಿಡ್‌ವೆಲ್‌ವರೆಗೆ, ಸುಮಾರು 25 ಮೈಲಿ. 2024ರ ಜೂನಿನಲ್ಲಿ ಅದನ್ನೂ ಕೈಬಿಟ್ಟರು.

ಮೂರು ಸಲ ಜನ ಹೌದು ಎಂದರು. ಮೂರು ಸಲವೂ ಜನ ಕೇಳಿದ್ದು ಪೂರ್ತಿ ಬರಲಿಲ್ಲ. ಈಗ ಹೇಳಿ, ಜನಕ್ಕೆ ಬೇಡವೋ, ಕೊಡುವವರಿಗೆ ಬೇಡವೋ?

ಕೈಬಿಟ್ಟವರು ಕೊಟ್ಟ ಕಾರಣವನ್ನೂ ಹೇಳಿಬಿಡೋಣ. 228 ಕೋಟಿ ಡಾಲರ್ ಬಹಳ ಹೆಚ್ಚಾಯಿತು, ಕೋವಿಡ್ ನಂತರ ಹತ್ತುವ ಜನ ಕಡಿಮೆಯಾಗಿದ್ದಾರೆ, ಇರುವ ಬಸ್ಸುಗಳನ್ನೇ ಸರಿಯಾಗಿ ಓಡಿಸಬೇಕು, ಎಂದು. ಹಣ ನೋಡಿ ಖರ್ಚು ಮಾಡಬೇಕೆಂಬ ಮಾತನ್ನು ನಾವೂ ಒಪ್ಪುತ್ತೇವೆ. ಆದರೆ ಅದೇ ಊರಿನಲ್ಲಿ, ಅದೇ ವರ್ಷ, ಐ-45ರ ವಿಸ್ತರಣೆಯ ಕೆಲಸ ಶುರುವಾಯಿತು. ಅದರ ಅಂದಾಜು 1,300 ಕೋಟಿ ಡಾಲರಿಗೂ ಮೇಲೆ! ಅಲ್ಲಿ ಯಾರಿಗೂ ತಲೆ ತಿರುಗಲಿಲ್ಲ. ಬಸ್ಸಿಗೆ ಬಂದಾಗ ಕಾಸುಕಾಸಿಗೂ ಲೆಕ್ಕ ಕೇಳುವವರು ಫ್ರೀವೇಗೆ ಬಂದಾಗ ಕರ್ಣನಾಗುವುದು ಹೇಗೆ?

ಇನ್ನೊಂದು ವಿಷಯ. "ಜನ ಬೇಕೆಂದರೆ ಮತ ಹಾಕಿ ತೋರಿಸಲಿ" ಎಂದು ರೈಲಿಗೆ ಮಾತ್ರ ಪರೀಕ್ಷೆ ಇಡುತ್ತಾರೆ. ಕೇಟಿ ಫ್ರೀವೇ ಅಗಲ ಮಾಡಬೇಕೇ, ಐ-45 ಅಗಲ ಮಾಡಬೇಕೇ ಎಂದು ಈ ಊರಿನವರನ್ನು ಯಾರೂ ಮತಪತ್ರ ಕೊಟ್ಟು ಕೇಳಲಿಲ್ಲ. 2014 ಮತ್ತು 2015ರಲ್ಲಿ ರಾಜ್ಯ ಸಂವಿಧಾನದ ತಿದ್ದುಪಡಿಗಳ ಮೂಲಕ ತೈಲ ತೆರಿಗೆಯ ಒಂದು ಪಾಲು, ಮಾರಾಟ ತೆರಿಗೆಯ ಒಂದು ಪಾಲು ಹೆದ್ದಾರಿಗಳಿಗೇ ಮೀಸಲಾದವು. ಅದೂ ಟೋಲ್ ಇಲ್ಲದ ರಸ್ತೆಗಳಿಗೆ ಮಾತ್ರ, ರೈಲಿಗೆ, ಬಸ್ಸಿಗೆ ಮುಟ್ಟುವಂತಿಲ್ಲ. ಅದಕ್ಕೆ ಹೌದು ಎಂದು ಒತ್ತಿದವರಲ್ಲಿ ಆ ಹೊತ್ತಿಗೆ ಪೌರತ್ವ ಪಡೆದಿದ್ದ ನಮ್ಮಲ್ಲಿ ಮೂವರೂ ಇದ್ದೇವೆ. ಪೂರ್ತಿ ಓದಿರಲಿಲ್ಲ ಎಂದು ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇವೆ. ಇನ್ನು ಮೆಟ್ರೋಗೆಂದು ಕೊಡುವ ಆ ಒಂದು ಸೆಂಟ್ ತೆರಿಗೆ ಇದೆಯಲ್ಲ, ಅದರಲ್ಲೂ ಸುಮಾರು ಕಾಲುಪಾಲು ಸದಸ್ಯ ಊರುಗಳ ಮತ್ತು ಕೌಂಟಿಯ ರಸ್ತೆ ಕೆಲಸಕ್ಕೆ ಹೋಗುವ ಏರ್ಪಾಡು 1988ರಿಂದಲೂ ನಡೆದುಬಂದಿದೆ. ಹೆದ್ದಾರಿಯ ಹುಂಡಿಯಿಂದ ಬಸ್ಸಿಗೆ ಒಂದು ಸೆಂಟೂ ಬರಕೂಡದು, ಬಸ್ಸಿನ ಹುಂಡಿಯಿಂದ ರಸ್ತೆಗೆ ಹೋಗಬಹುದು. ಅತ್ತೆಗೊಂದು ಕಾನೂನು ಸೊಸೆಗೊಂದು ಕಾನೂನು ಎಂದರೆ ಇದೇ ಅಲ್ಲವೆ!

ಐ-45ರ ವಿಷಯ ನಮ್ಮ ಪೈಕಿ ಹೆಚ್ಚಿನವರಿಗೆ ದೂರದ ಮಾತು. ನಮ್ಮ ಮನೆ ಅಲ್ಲಿಲ್ಲ. ಹಾಗಾಗಿಯೇ ಹೇಳಬೇಕಾಗಿದೆ. 2020ರ ಪರಿಸರ ವರದಿಯಲ್ಲಿ ಹೆದ್ದಾರಿ ಇಲಾಖೆಯೇ ಕೊಟ್ಟ ಲೆಕ್ಕ ಇದು: 1,079 ವಾಸದ ಮನೆಗಳು, 344 ಅಂಗಡಿ-ವ್ಯಾಪಾರಗಳು, 5 ಪೂಜಾಸ್ಥಳಗಳು, 2 ಶಾಲೆಗಳು. ಇವೆಲ್ಲ ಜಾಗ ಬಿಡಬೇಕು. ಹೆಚ್ಚಿನವು ಕಪ್ಪು ಜನರ ಮತ್ತು ಹಿಸ್ಪಾನಿಕ್ ಜನರ ಬಡಾವಣೆಗಳಲ್ಲಿ. ಅದರಲ್ಲೊಂದು ಇಂಡಿಪೆಂಡೆನ್ಸ್ ಹೈಟ್ಸ್. 1915ರಲ್ಲಿ, ಕಪ್ಪು ಜನ ತಲೆಯೆತ್ತಿ ನಡೆಯುವುದೇ ಕಷ್ಟವಾಗಿದ್ದ ಕಾಲದಲ್ಲಿ, ಅವರು ತಾವೇ ಕಟ್ಟಿಕೊಂಡು ಆಳಿಕೊಂಡ ಊರು ಅದು. ನಮ್ಮ ಒಂದು ದೇವಸ್ಥಾನಕ್ಕೆ ಹೀಗೆ ನೋಟೀಸು ಬಂದಿದ್ದರೆ ನಾವು ಸುಮ್ಮನಿರುತ್ತಿದ್ದೆವೇ? 2021ರಲ್ಲಿ ಹ್ಯಾರಿಸ್ ಕೌಂಟಿ ಕೋರ್ಟಿಗೆ ಹೋಯಿತು. ಕೇಂದ್ರದ ಹೆದ್ದಾರಿ ಆಡಳಿತವೂ ನಾಗರಿಕ ಹಕ್ಕುಗಳ ಪ್ರಶ್ನೆ ಎತ್ತಿ ಕೆಲಸ ನಿಲ್ಲಿಸಲು ಹೇಳಿತು. 2022ರ ಕೊನೆಗೆ ಕೌಂಟಿಯೊಡನೆ, 2023ರಲ್ಲಿ ಕೇಂದ್ರದೊಡನೆ ಒಪ್ಪಂದವಾಗಿ ಕೆಲಸಕ್ಕೆ ದಾರಿಯಾಯಿತು. ಮಳೆನೀರು ಹೋಗುವ ವ್ಯವಸ್ಥೆ ಸುಧಾರಿಸುತ್ತೇವೆ, ಮನೆ ಕಳೆದುಕೊಂಡವರಿಗೆ ಸಹಾಯ ಮಾಡುತ್ತೇವೆ ಎಂದೆಲ್ಲ ಅದರಲ್ಲಿದೆ, ಒಳ್ಳೆಯದೇ. ಆದರೆ ನಾವು ಹತ್ತು ನಿಮಿಷ ಬೇಗ ಮನೆ ಸೇರಲೆಂದು ಇನ್ನೊಬ್ಬರು ಮನೆಯನ್ನೇ ಕಳೆದುಕೊಳ್ಳುವುದು, ಆ ಹತ್ತು ನಿಮಿಷವೂ ನಾಲ್ಕು ವರ್ಷದಲ್ಲಿ ಕರಗಿಹೋಗುವುದು, ಇದು ಯಾವ ನ್ಯಾಯ?

ಇನ್ನು ನಮ್ಮ ಮನೆಯೊಳಗಿನ ಮಾತಿಗೆ ಬರೋಣ.

ನಮ್ಮಲ್ಲೊಬ್ಬರ ಮಾವನವರು ಮೈಸೂರಿನಿಂದ ಆರು ತಿಂಗಳಿಗೆಂದು ಬಂದಿದ್ದರು. ವಯಸ್ಸು 74. ಮೈಸೂರಿನಲ್ಲಿ ದಿನಾ ಸಿಟಿ ಬಸ್ ಹತ್ತಿ ಲೈಬ್ರರಿ, ಮಾರ್ಕೆಟ್, ಸ್ನೇಹಿತರ ಮನೆ ಎಂದು ಓಡಾಡಿಕೊಂಡಿದ್ದವರು. ಇಲ್ಲಿ ಬಂದ ಮೂರನೆಯ ವಾರ, ಕಿಟಕಿಯ ಹತ್ತಿರ ಕೂತು, "ಏನಮ್ಮ, ನಾನು ನಿಮ್ಮ ಮನೆಗೆ ಬಂದಿದ್ದೀನೋ, ನಿಮ್ಮ ಗ್ಯಾರೇಜಿನ ಬಾಗಿಲು ತೆಗೆಯೋದನ್ನ ಕಾಯ್ತಾ ಇದ್ದೀನೋ?" ಎಂದು ಸೊಸೆಯನ್ನು ಕೇಳಿದರು. ಸೊಸೆಗೆ ಉತ್ತರ ತೋಚಲಿಲ್ಲ. ನಾಲ್ಕು ತಿಂಗಳಿಗೇ ಟಿಕೆಟ್ ಹಿಂದಕ್ಕೆ ಮಾಡಿಸಿಕೊಂಡು ಹೊರಟುಬಿಟ್ಟರು. ಹೋಗುವಾಗ ಯಾರ ಮೇಲೂ ಬೇಸರ ತೋರಿಸಲಿಲ್ಲ. ಮತ್ತೆ ಬರುತ್ತೇನೆ ಎಂದೂ ಹೇಳಲಿಲ್ಲ.

ಇದಕ್ಕೆ ವಿರುದ್ಧವಾದದ್ದನ್ನೂ ಹೇಳಬೇಕು. ಮತ್ತೊಬ್ಬರ ತಂದೆಯವರಿಗೆ ಮೆಡಿಕಲ್ ಸೆಂಟರಿನ ಆಸ್ಪತ್ರೆಯಲ್ಲಿ ಹೃದಯದ ಆಪರೇಷನ್ ಆಯಿತು. ಹದಿನೈದು ದಿನ ಅಲ್ಲಿಯೇ. ತಾಯಿಯವರು ಆಗ ಮ್ಯೂಸಿಯಂ ಡಿಸ್ಟ್ರಿಕ್ಟಿನಲ್ಲಿ ಪರಿಚಯದವರ ಮನೆಯಲ್ಲಿ ಉಳಿದುಕೊಂಡರು. ಮೊದಲ ದಿನ ಸೊಸೆ ಜೊತೆಗೆ ಹೋಗಿ ರೆಡ್ ಲೈನ್ ಹತ್ತುವುದು ಇಳಿಯುವುದು ತೋರಿಸಿಕೊಟ್ಟಳು. ಎರಡನೆಯ ದಿನದಿಂದ ಆ ತಾಯಿ ಸ್ಟೀಲ್ ಡಬ್ಬಿಯಲ್ಲಿ ಅನ್ನ-ಸಾರು ಕಟ್ಟಿಕೊಂಡು ತಾವೊಬ್ಬರೇ ಹೋಗಿಬಂದರು. ಇಂಗ್ಲಿಷ್ ಅಷ್ಟಕ್ಕಷ್ಟೆ. ಕಾರು ಓಡಿಸಲು ಬಾರದು. ಯಾರನ್ನೂ ಕೇಳಿಕೊಳ್ಳಬೇಕಾಗಲಿಲ್ಲ, ಮಗ ರಜೆ ಹಾಕಬೇಕಾಗಲಿಲ್ಲ. ನಾವು ಇಷ್ಟು ವರ್ಷ "ಆಟಿಕೆ ರೈಲು" ಎಂದು ಗೇಲಿ ಮಾಡಿದ ರೈಲು ಅದು. 2004ರ ಜನವರಿ 1ರಂದು ಬರೀ ಏಳೂವರೆ ಮೈಲಿಯಿಂದ ಶುರುವಾದದ್ದು, ಮೈಲಿಗೆ ಲೆಕ್ಕ ಹಾಕಿದರೆ ಈ ದೇಶದಲ್ಲಿ ಹೆಚ್ಚು ಜನ ಹತ್ತುವ ಲೈಟ್ ರೈಲುಗಳ ಸಾಲಿನಲ್ಲಿ ನಿಂತಿತು. ನಮ್ಮ ಬುದ್ಧಿ ತಿರುಗಿದ್ದು ಯಾವ ವರದಿ ಓದಿಯೂ ಅಲ್ಲ, ಆ ಸ್ಟೀಲ್ ಡಬ್ಬಿ ನೋಡಿ.

ಮಿತ್ರರು ಎತ್ತುವ ಆಕ್ಷೇಪಣೆಗಳಿಗೂ ಉತ್ತರ ಕೊಡದೆ ಹೋದರೆ ತಪ್ಪಾಗುತ್ತದೆ.

"ಹ್ಯೂಸ್ಟನ್ ಇಷ್ಟು ಹರಡಿಕೊಂಡಿದೆ, ಇಲ್ಲಿ ರೈಲು ನಡೆಯುವುದಿಲ್ಲ." ಹರಡಿಕೊಂಡದ್ದು ಯಾಕೆ ಎಂಬುದನ್ನು ಮೇಲೆಯೇ ಹೇಳಿದ್ದೇವೆ. ಎಲ್ಲ ಕಡೆಗೂ ರೈಲು ಎಂದು ಯಾರೂ ಕೇಳುತ್ತಿಲ್ಲ. ಡೌನ್‌ಟೌನ್, ಮೆಡಿಕಲ್ ಸೆಂಟರ್, ಗ್ಯಾಲರಿಯಾ, ವಿಶ್ವವಿದ್ಯಾಲಯಗಳು, ಹೀಗೆ ಸಾವಿರಾರು ಜನ ಒಂದೇ ಕಡೆಗೆ ಹೋಗುವ ದಾರಿಗಳಿವೆ. ಫ್ರೀವೇಯ ಒಂದು ಲೇನಿನಲ್ಲಿ ಗಂಟೆಗೆ ಹೆಚ್ಚೆಂದರೆ ಸುಮಾರು 2,000 ಕಾರು, ಬಹುಪಾಲು ಕಾರಿನಲ್ಲಿ ಒಬ್ಬನೇ ಆಸಾಮಿ. ಎರಡು ಬೋಗಿಯ ಲೈಟ್ ರೈಲಿನಲ್ಲಿ ಸುಮಾರು 400 ಜನ ಹಿಡಿಯುತ್ತಾರೆ, 6 ನಿಮಿಷಕ್ಕೊಂದು ಓಡಿಸಿದರೆ ಗಂಟೆಗೆ 4,000. ಗುಣಾಕಾರ ಮಾಡಲು ಬರುವ ಯಾರಿಗಾದರೂ ಸಾಕು.

"ಈ ಸೆಖೆಯಲ್ಲಿ ಬಸ್ ಸ್ಟಾಪಿನಲ್ಲಿ ಯಾರು ನಿಲ್ಲುತ್ತಾರೆ?" ಒಪ್ಪಿದೆವು. ನೆರಳಿಲ್ಲದ ಕಂಬದ ಕೆಳಗೆ ಮುಕ್ಕಾಲು ಗಂಟೆ ನಿಲ್ಲಿಸುವುದು ಕ್ರೌರ್ಯ. ಅದಕ್ಕೆ ಔಷಧಿ ಎಂದರೆ ನೆರಳು ಕಟ್ಟುವುದು, ಹತ್ತು ನಿಮಿಷಕ್ಕೊಂದು ಬಸ್ ಬಿಡುವುದು, ಕಾಲುದಾರಿ ಹಾಕುವುದು. ಬಸ್ಸನ್ನೇ ನಿಲ್ಲಿಸುವುದಲ್ಲ. ಅಂದಹಾಗೆ, ಅದೇ ಸೆಖೆಯಲ್ಲಿ ಈಗಲೂ ನಿಂತಿರುವವರು ಇದ್ದಾರೆ. ನಮ್ಮ ಆಫೀಸು ಗುಡಿಸುವವರು, ಹೋಟೆಲಿನಲ್ಲಿ ತಟ್ಟೆ ತೊಳೆಯುವವರು, ನಮ್ಮೂರಿನಿಂದ ಓದಲು ಬಂದು ಕಾರು ಕೊಳ್ಳಲಾಗದ ನಮ್ಮ ಹುಡುಗ ಹುಡುಗಿಯರು. ಯೂನಿವರ್ಸಿಟಿ ಲೈನು ಬೇಕಿದ್ದದ್ದು ಅವರಿಗೆ. ಹಬ್ಬದ ಊಟಕ್ಕೆ ಬರುವ ವಿದ್ಯಾರ್ಥಿಗಳು "ಯಾರಾದರೂ ರೈಡ್ ಕೊಡ್ತೀರಾ ಅಂಕಲ್?" ಎಂದು ಕೇಳುವಾಗಿನ ಸಂಕೋಚ ನಾವೆಲ್ಲ ನೋಡಿದ್ದೇವೆ. ನಾವೂ ಒಂದು ಕಾಲಕ್ಕೆ ಹಾಗೆಯೇ ಕೇಳಿದವರು.

"ಮೆಟ್ರೋ ನಮ್ಮ ಕಡೆ ಬರುವುದೇ ಇಲ್ಲ, ನಮಗೇನು ಲಾಭ?" ಶುಗರ್ ಲ್ಯಾಂಡ್, ಪಿಯರ್‌ಲ್ಯಾಂಡಿನ ಸದಸ್ಯರು ಹೀಗೆ ಕೇಳುತ್ತಾರೆ. ಅವೆರಡೂ ಮೆಟ್ರೋದ ಸದಸ್ಯ ಊರುಗಳಲ್ಲ, ತೆರಿಗೆ ಕೊಡುವುದಿಲ್ಲ, ಬಸ್ಸೂ ಬರುವುದಿಲ್ಲ. ಪಿಯರ್‌ಲ್ಯಾಂಡಿನ ಮೀನಾಕ್ಷಿ ದೇವಸ್ಥಾನಕ್ಕೆ ಹೋಗಲು ವಯಸ್ಸಾದವರು ಇನ್ನೊಬ್ಬರ ಕಾರಿಗಾಗಿ ಕಾಯಬೇಕಾಗಿರುವುದು ಅದಕ್ಕೇ. ಬಾರದಿದ್ದರೆ ಬರುವಂತೆ ಕೇಳಬೇಕು, ಅಷ್ಟೆ.

ನಮ್ಮೂರಿನ ಕಡೆಗೂ ಒಮ್ಮೆ ನೋಡಿ. 2016ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಹೆಬ್ಬಾಳದವರೆಗೆ ಸ್ಟೀಲ್ ಫ್ಲೈಓವರ್ ಕಟ್ಟುತ್ತೇವೆ ಎಂದಾಗ, ಎಂಟುನೂರಕ್ಕೂ ಹೆಚ್ಚು ಮರ ಹೋಗುತ್ತವೆಂದು ಸಾವಿರಾರು ಜನ ರಸ್ತೆಯ ಬದಿಯಲ್ಲಿ ಕೈ ಕೈ ಹಿಡಿದು ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. 2011ರಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಓಡಿದ ಪುಟ್ಟ ನಮ್ಮ ಮೆಟ್ರೋ 2023ರಲ್ಲಿ ವೈಟ್‌ಫೀಲ್ಡನ್ನೂ 2025ರಲ್ಲಿ ಬೊಮ್ಮಸಂದ್ರವನ್ನೂ ಮುಟ್ಟಿತು. ಹಾಗೆಂದು ಅಲ್ಲಿ ಎಲ್ಲ ಸರಿಹೋಯಿತು ಎಂದಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಕಾರುಗಳಿಗಾಗಿ ಸುರಂಗ ತೋಡುವ ಯೋಜನೆ ಬಂದು ಅದೇ ಜಗಳ ಮತ್ತೆ ಎದ್ದಿತು. ನಮ್ಮಲ್ಲಿ ಅನೇಕರು ಇಲ್ಲಿ ಕೂತು ಅಲ್ಲಿಯವರಿಗೆ "ಸುರಂಗ ಬೇಡ, ಮೆಟ್ರೋ ಮಾಡಿ" ಎಂದು ಫೋನಿನಲ್ಲಿ ಉಪದೇಶ ಮಾಡುತ್ತೇವೆ. ಒಳ್ಳೆಯ ಉಪದೇಶವೇ. ಅದನ್ನು ನಾವು ಇರುವ ಊರಿನಲ್ಲೂ ಒಮ್ಮೆ ಹೇಳಬಾರದೇ? ಇಲ್ಲಿ ಮನೆ ಕೊಂಡಿದ್ದೇವೆ, ತೆರಿಗೆ ಕೊಡುತ್ತೇವೆ, ಮಕ್ಕಳನ್ನು ಬೆಳೆಸಿದ್ದೇವೆ. ಇನ್ನೂ ಎಷ್ಟು ದಿನ ನೆಂಟರಂತೆ ಇರುವುದು?

ಬರೀ ಗೊಣಗಿ ಮುಗಿಸಿದರೆ ಪ್ರಯೋಜನವಿಲ್ಲ. ನಮ್ಮ ಕೋರಿಕೆ ನಾಲ್ಕು.

ಒಂದು, ಮೆಟ್ರೋ ಮಂಡಲಿಯ ಸಭೆಗಳಲ್ಲಿ ಸಾರ್ವಜನಿಕರು ಮಾತಾಡಬಹುದು. ಮಂಡಲಿಯ 9 ಸದಸ್ಯರಲ್ಲಿ 5 ಜನರನ್ನು ಹ್ಯೂಸ್ಟನ್ ಮೇಯರ್, 2 ಜನರನ್ನು ಹ್ಯಾರಿಸ್ ಕೌಂಟಿ, 2 ಜನರನ್ನು ಉಳಿದ ಸದಸ್ಯ ಊರುಗಳು ನೇಮಿಸುತ್ತವೆ. ಅಂದರೆ ಅಧ್ಯಕ್ಷರ ಚುನಾವಣೆಗೆ ಮಾತ್ರ ಎದ್ದು ಹೋಗಿ ಮೇಯರ್, ಕಮಿಷನರ್ ಚುನಾವಣೆಗೆ ಮನೆಯಲ್ಲಿ ಕೂರುವ ನಮ್ಮ ಅಭ್ಯಾಸ ಬಿಡಬೇಕು.

ಎರಡು, ಕೇಟಿ ಕಡೆಯವರು ತಿಂಗಳಿಗೆ ಒಂದು ವಾರವಾದರೂ ಪಾರ್ಕ್ ಅಂಡ್ ರೈಡ್ ಬಸ್ಸಿನಲ್ಲಿ ಡೌನ್‌ಟೌನ್ ಆಫೀಸಿಗೆ ಹೋಗಿ ನೋಡಿ. ನಮ್ಮಲ್ಲಿ ಇಬ್ಬರು ಹೋಗುತ್ತಿದ್ದೇವೆ. ಬಸ್ಸಿನಲ್ಲಿ ಒಳ್ಳೆಯ ನಿದ್ದೆ ಬರುತ್ತದೆ ಎಂಬುದು ಅನುಭವದ ಮಾತು.

ಮೂರು, ಊರಿನಿಂದ ಬಂದ ತಂದೆತಾಯಿಯರನ್ನು ಒಂದು ದಿನ ರೆಡ್ ಲೈನಿನಲ್ಲಿ ಕರೆದುಕೊಂಡು ಹೋಗಿ. 70 ದಾಟಿದವರಿಗೆ ಮೆಟ್ರೋದಲ್ಲಿ ಉಚಿತ ಪಾಸಿನ ಸೌಲಭ್ಯ ಉಂಟು. ಎರಡನೆಯ ದಿನ ಅವರನ್ನೇ ಹೋಗಿಬರಲು ಬಿಡಿ, ಮುಖ ನೋಡಿ.

ನಾಲ್ಕು, ಸಂಘದ ಕಾರ್ಯಕಾರಿ ಸಮಿತಿಗೆ: ಈ ವರ್ಷದ ರಾಜ್ಯೋತ್ಸವವನ್ನು ರೈಲಿನ ಪಕ್ಕದ ಒಂದು ಹಾಲಿನಲ್ಲಿ ಮಾಡೋಣ. ಬಾಡಿಗೆ ನೂರಿನ್ನೂರು ಡಾಲರ್ ಹೆಚ್ಚಾದರೆ ಆ ವ್ಯತ್ಯಾಸವನ್ನು ನಾವು ಐದು ಸಂಸಾರದವರು ಕೊಡುತ್ತೇವೆ. ವಿದ್ಯಾರ್ಥಿಗಳು ಯಾರ ಹಂಗೂ ಇಲ್ಲದೆ ಬರಲಿ. ಹಿರಿಯರು ಸಾಕೆನಿಸಿದಾಗ ತಾವೇ ಎದ್ದು ಹೊರಡಲಿ.

ಒಪ್ಪದವರು ಖಂಡಿತ ಬರೆಯಿರಿ, ಇದೇ ಪುಟದಲ್ಲಿ ಹಾಕಬೇಕೆಂದು ಸಂಪಾದಕರನ್ನು ನಾವೇ ಕೇಳಿಕೊಂಡಿದ್ದೇವೆ. ಒಪ್ಪುವವರು ಬರೆಯದಿದ್ದರೂ ಅಡ್ಡಿಯಿಲ್ಲ, ಮುಂದಿನ ಸಭೆಗೆ ಜೊತೆಗೆ ಬನ್ನಿ. ನಾವು ಬಸ್ಸಿನಲ್ಲಿ ಹೋಗುವವರಿದ್ದೇವೆ, ಪಕ್ಕದ ಸೀಟು ಖಾಲಿ ಇದೆ.

ಇತಿ ನಿಮ್ಮವರೇ ಆದ,
ಕೇಟಿ ಕಡೆಯ ಐದು ಸಂಸಾರದವರು